ನಾನು ಮುಟ್ಟಿದರೆ ಮಾತ್ರ ಬರುತ್ತಿದ್ದ ನೆಟ್

ಕಂಪ್ಯೂಟರ್ ರಿಪೇರಿಯವರಲ್ಲಿ ನನಗಿದ್ದಷ್ಟು ಜಂಬ ಬಂಟ್ವಾಳ ತಾಲೂಕಿನಲ್ಲಿ ಇನ್ಯಾರಿಗೂ ಇದ್ದಿರಲಾರದು. ಉಳಿದವರು ವಿಂಡೋಸ್ ಹಾಕಿಕೊಟ್ಟು, ವೈರಸ್ ಹಿಡಿದು ಕೆಟ್ಟ ಮೇಲೆ ಮತ್ತೆ ಅದನ್ನೇ ಹಾಕುತ್ತಿದ್ದರು. ನಾನು ವೈರಸ್ ಹಿಡಿಯದ ಲಿನಕ್ಸ್ ಹಾಕುತ್ತಿದ್ದೆ. ಆದರೆ ಲ್ಯಾಪ್‌ಟಾಪಿನ ಯಜಮಾನಿಕೆಯ ಪಾಸ್‌ವರ್ಡ್ ನನ್ನ ಬಳಿಯೇ ಉಳಿಯುತ್ತಿತ್ತು. ಮನೆಯವರಿಗೆ ಬೇರೆ, ಸಾಮಾನ್ಯ ಖಾತೆ. ಎಲ್ಲವನ್ನೂ ಅವರ ಕೈಗೆ ಕೊಟ್ಟರೆ ಕೆಡಿಸಿಬಿಡುತ್ತಾರೆ ಎಂಬುದು ನನ್ನ ವಾದ. ಗಿರಾಕಿಗಳ ಮೇಲೆ ನನಗೆ ಅಷ್ಟೇ ನಂಬಿಕೆ.

ಎರಡು ಸಾವಿರದ ಆರೇಳರ ಹೊತ್ತಿಗೆ ಫರಂಗಿಪೇಟೆಯ ಒಂದು ಬ್ಯಾರಿ ಮುಸ್ಲಿಮರ ಮನೆಯ ಲ್ಯಾಪ್‌ಟಾಪಿಗೂ ಹೀಗೆಯೇ ಮಾಡಿಕೊಟ್ಟೆ. ಮನೆಯಲ್ಲಿದ್ದದ್ದು ಅತ್ತೆ, ಸೊಸೆ, ಅಂಬೆಗಾಲಿಡುವ ಹೆಣ್ಣುಮಗು. ಮಗುವಿನ ಅಪ್ಪ ಅದು ಹುಟ್ಟುವ ಮೊದಲೇ ಗಲ್ಫಿಗೆ ಹೋದವರು. ಮಗುವನ್ನು ಕ್ಯಾಮರಾದಲ್ಲಿ ನೋಡಬೇಕೆಂದು ಊರಿಗೆ ಬರುವ ಸ್ನೇಹಿತನ ಕೈಯಲ್ಲಿ ಲ್ಯಾಪ್‌ಟಾಪ್ ಕಳಿಸಿದ್ದರು. ರಜೆ ಇರುವುದು ಶುಕ್ರವಾರ ಮಾತ್ರ. ಎರಡು ಶುಕ್ರವಾರ ಅವರು ಅಲ್ಲಿ ಕಾದರು, ಇವರು ಇಲ್ಲಿ ಕಾದರು, ನೆಟ್ ಬರಲಿಲ್ಲ. ಮೂರನೆಯ ಶುಕ್ರವಾರವೇ ಕೊನೆಯದು. ಮರುದಿನ ಅವರು ಮರುಭೂಮಿಯ ಒಳಗಿನ ಯಾವುದೋ ಕ್ಯಾಂಪಿಗೆ ಹೋಗಬೇಕಿತ್ತು. ಅಲ್ಲಿ ನೆಟ್ ಇಲ್ಲ, ಊರಿಗೆ ಬರಲು ಇನ್ನೂ ಒಂದು ವರ್ಷ.

ಗಂಡಸರಿಲ್ಲದ ಮನೆಯಾದ್ದರಿಂದ ನಾನು ಜಗಲಿಯಲ್ಲೇ ಕೂರುತ್ತಿದ್ದೆ. ಸೊಸೆ ಬಾಗಿಲ ಕರ್ಟನಿನ ಒಳಗೆ. ಲ್ಯಾಪ್‌ಟಾಪನ್ನು ಹೊರಗೆ ತರುವುದು, ಒಳಗೆ ಒಯ್ಯುವುದು ಅತ್ತೆಯ ಕೆಲಸ. ಮೋಡೆಮಿನ ಉದ್ದನೆಯ ವಯರು ಅವರ ಹಿಂದೆ ಎಳೆದುಕೊಂಡು ಬರುತ್ತಿತ್ತು. ನಾನು ನನ್ನ ಖಾತೆ ತೆರೆದು ಒತ್ತಿದರೆ ನೆಟ್ ತಟ್ಟನೆ ಬರುತ್ತದೆ. ಒಳಗೆ ಹೋದ ಕೂಡಲೇ ಇಲ್ಲ. ಹಿಂದಿನ ಎರಡು ಸಲವೂ ಹೀಗೆಯೇ ಆಗಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಬಸ್ಸು ಹತ್ತಿದ್ದೆ.

ಮೂರನೆಯ ಸಲವೂ ಲ್ಯಾಪ್‌ಟಾಪ್ ಎರಡು ಬಾರಿ ಒಳಗೆ ಹೋಗಿ ಹೊರಗೆ ಬಂತು. ಒಳಗೆ ಮೊಬೈಲು ರಿಂಗಾಗುತ್ತಿತ್ತು. ಗಲ್ಫಿನಿಂದ ಮಗುವಿನ ಅಪ್ಪ ಮಾಡುತ್ತಿದ್ದ ಮಿಸ್ಡ್ ಕಾಲ್. ನನಗೆ ಸಿಟ್ಟು ಬಂತು. ಇಲ್ಲಿ ಎಲ್ಲ ಸರಿ ಇದೆ, ನೀವೇ ಏನೋ ತಪ್ಪು ಒತ್ತುತ್ತಿದ್ದೀರಿ ಎಂದು ಕರ್ಟನಿಗೆ ಕೇಳುವಂತೆ ಹೇಳಿದೆ.

ಅತ್ತೆ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು ಮೆಲ್ಲಗೆ ಹೇಳಿದರು: "ಮಗಾ, ನೀನು ಮುಟ್ಟಿದರೆ ಬರ್ತದೆ, ಅವಳು ಮುಟ್ಟಿದರೆ ಬರುವುದಿಲ್ಲ. ಅದಕ್ಕೆ ಅವಳ ಗುರ್ತ ಇಲ್ಲವಾ ಅಂತ."

ನಗಲು ಹೊರಟವನಿಗೆ ಅರ್ಧದಲ್ಲೇ ನಗು ನಿಂತಿತು. ಇಷ್ಟು ದಿನ ನಾನು ನನ್ನ ಖಾತೆಯಲ್ಲೇ ಪರೀಕ್ಷೆ ಮಾಡಿದ್ದೆ. ಅವರ ಖಾತೆಯನ್ನು ಒಮ್ಮೆಯೂ ನೋಡಿರಲಿಲ್ಲ. ನಿಮ್ಮ ಖಾತೆ ತೆರೆದು, ಏನನ್ನೂ ಮುಚ್ಚದೆ ಹಾಗೆಯೇ ಹೊರಗೆ ಕಳಿಸಿ ಎಂದೆ.

"ಹಾಗೇ ಕೊಡ್ಲಿಕ್ಕೆ ಆಗುವುದಿಲ್ಲ ಸರ್," ಎಂದಿತು ಕರ್ಟನಿನ ಒಳಗಿನ ಸ್ವರ. "ತೆರೆದ ಕೂಡಲೇ ನನ್ನ ಫೋಟೋ ಉಂಟು. ಮದುವೆಯದ್ದು."

ಗಂಡನ ನೆನಪಿಗೆಂದು ಸ್ಕ್ರೀನಿನ ಮೇಲೆ ಹಾಕಿಕೊಂಡ ಫೋಟೋ. ಅದು ಪರಪುರುಷನ ಕಣ್ಣಿಗೆ ಬೀಳಬಾರದೆಂದು ಪ್ರತಿ ಸಲವೂ ತಮ್ಮ ಖಾತೆಯನ್ನು ಪೂರ್ತಿ ಮುಚ್ಚಿಯೇ ಹೊರಗೆ ಕಳಿಸುತ್ತಿದ್ದರು. ಹಾಗಾದರೆ ಒತ್ತಿದಾಗ ಏನು ಬರುತ್ತದೋ ಅದನ್ನು ಓದಿಯಾದರೂ ಹೇಳಿ ಎಂದೆ. ಲ್ಯಾಪ್‌ಟಾಪ್ ಮತ್ತೆ ಒಳಗೆ ಹೋಯಿತು.

"ಪರ್ಮಿಷನ್ ಡಿನೈಡ್," ಎಂದು ಅವರು ಸ್ಪಷ್ಟವಾಗಿ ಓದಿದರು. ಆಮೇಲೆ, "ಎರಡು ವಾರದಿಂದಲೂ ಅದೇ ಬರ್ತಾ ಉಂಟು ಸರ್. ನೀವು ಕೇಳಲಿಲ್ಲ," ಎಂದರು.

ನನಗೆ ನಾಚಿಕೆಯಾಯಿತು. ಯಾರು ಯಾರು ನೆಟ್‌ಗೆ ಹೋಗಬಹುದು ಎಂಬುದಕ್ಕೆ ಲಿನಕ್ಸಿನಲ್ಲಿ ಒಂದು ಗುಂಪು ಇರುತ್ತದೆ. ಆ ಗುಂಪಿನಲ್ಲಿ ಇದ್ದದ್ದು ನನ್ನ ಹೆಸರೊಂದೇ. ಅವರ ಮನೆಯ ಲ್ಯಾಪ್‌ಟಾಪಿನಲ್ಲಿ, ಅವರ ಮನೆಯ ಫೋನ್ ಲೈನಿನಲ್ಲಿ, ಹೊರಗೆ ಹೋಗಲು ಅನುಮತಿ ಇದ್ದದ್ದು ಜಗಲಿಯಲ್ಲಿ ಕೂತ ನನಗೆ ಮಾತ್ರ. ಲ್ಯಾಪ್‌ಟಾಪನ್ನು ಮತ್ತೆ ಹೊರಗೆ ತರಿಸಿಕೊಂಡೆ; ಅವರ ಹೆಸರನ್ನು ಸೇರಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಒಂದು ಚೀಟಿಯಲ್ಲಿ ಯಜಮಾನಿಕೆಯ ಪಾಸ್‌ವರ್ಡ್ ಬರೆದೆ, ಯಾವ ಗಿರಾಕಿಗೂ ಕೊಡದಿದ್ದದ್ದು. ಚೀಟಿಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು, ನಾಳೆ ಇದನ್ನು ಬದಲಾಯಿಸಿಕೊಳ್ಳಿ ಎಂದೆ.

"ಬದಲಾಯಿಸಿದರೆ ನಿಮಗೆ ಹೇಳಬೇಕಾ ಸರ್?"

ಬೇಡ ಎಂದೆ.

ವಯರು ಒಳಗೆ ಸರಿಯಿತು. ನಾನು ಜಗಲಿಯ ಸಿಮೆಂಟು ನೋಡುತ್ತಾ ಕೂತೆ. ಆಮೇಲೆ ಒಳಗಿನಿಂದ ಗಂಡಸಿನ ಸ್ವರ ಕೇಳಿತು, ತುಂಡು ತುಂಡಾಗಿ. ಮಗುವಿನ ಹೆಸರನ್ನೇ ಮತ್ತೆ ಮತ್ತೆ ಕರೆಯುತ್ತಿದ್ದರು.

ತುಂಬ ಹೊತ್ತಿನ ಮೇಲೆ ಅತ್ತೆ ಹೊರಗೆ ಬಂದರು. ಪ್ರತಿ ಸಲ ತರುವ ಚಹಾ ಕೈಯಲ್ಲಿರಲಿಲ್ಲ. ಅದು ಅವರಿಗೆ ನೆನಪೂ ಇದ್ದಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನಗೊಂದು ವರ್ತಮಾನ ಹೇಳಿದರು.

"ಮಗು ಲ್ಯಾಪ್‌ಟಾಪಿನ ಹಿಂದೆ ಹೋಗಿ ಹುಡುಕ್ತಾ ಉಂಟು ಮಗಾ, ಅಪ್ಪ ಅಲ್ಲಿ ಕೂತಿದ್ದಾನೆ ಅಂತ."