ಅಮ್ಮನ ಯಂತ್ರಕ್ಕೆ ಮೆಮೊರಿ ಆರಿಸಿದ ವೆಂಗ್

ತೈಪೆಯ ಕಂಪ್ಯೂಟರ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ, ನನ್ನ ಕೀಬೋರ್ಡ್ ಅಂಗಡಿಯ ಪಕ್ಕದಲ್ಲೇ ವೆಂಗ್ ಜಿನ್‌ಹೆಯ ದರ್ಬಾರು. ಸಿಂಹಾಸನ ಒಂದು ಪ್ಲಾಸ್ಟಿಕ್ ಸ್ಟೂಲು. ಆಟದ ಕಂಪ್ಯೂಟರನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವ ಹುಚ್ಚರೆಲ್ಲ ಅವನ ಪ್ರಜೆಗಳು. ಒಂದೇ ಪೆಟ್ಟಿಗೆಯಲ್ಲಿ ಜೋಡಿ ಜೋಡಿಯಾಗಿ ಬಂದ ಮೆಮೊರಿ ಪಟ್ಟಿಗಳಲ್ಲೂ ಒಂದು ಕುದುರೆ, ಇನ್ನೊಂದು ಕತ್ತೆ. ವೆಂಗ್ ಇಪ್ಪತ್ತು ಜೋಡಿ ಬಿಚ್ಚಿ, ಒಂದೊಂದನ್ನೂ ಓಡಿಸಿ ನೋಡಿ, ಕುದುರೆಯನ್ನು ಎತ್ತಿ ಕೊಡುತ್ತಿದ್ದ. ಅವನ ಅನ್ನ, ಅವನ ಕೀರ್ತಿ ಎರಡೂ ಅದರಿಂದಲೇ.

ಇಂಥ ಚಕ್ರವರ್ತಿ ಸೋತು ಸುಣ್ಣವಾದದ್ದು ಎಪ್ಪತ್ತಾರು ವರ್ಷದ ಹೆತ್ತ ತಾಯಿಯ ಮುಂದೆ. ಗಂಡ ಹೋದ ಮೇಲೆ ಎರಡು ವರ್ಷ ತೂ ಯುಯೆಗುಯ್ ಅಮ್ಮ ಮಾತೇ ಬಿಟ್ಟಿದ್ದರು. ಬಡಾವಣೆಯ ಅಜ್ಜಿಯರು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದ ತಂಡ ಕಟ್ಟಿ ಅವರನ್ನು ಎಳೆದುಕೊಂಡು ಹೋದ ಮೇಲೆಯೇ ಬಾಯಿ ತೆರೆದದ್ದು. ಈಗ ನೋಡಿದರೆ ಯುದ್ಧದ ನಡುವೆ ಅವರ ಯಂತ್ರ ಎರಡು ಸಲ ನಿಂತುಹೋಗಿತ್ತು. ನಾಯಕಿ ಶಿಯಾ ಟೀಚರ್, ನಿವೃತ್ತ ಮುಖ್ಯೋಪಾಧ್ಯಾಯಿನಿ, ತೀರ್ಪು ಕೊಟ್ಟಿದ್ದರು: "ಮೂರನೇ ಸಲ ನಿಂತ್ರೆ, ಯುಯೆಗುಯ್, ನೀವು ತಂಡದಲ್ಲಿಲ್ಲ."

ಅಮ್ಮ ಅಂಗಡಿಗೇ ಬಂದರು.

"ಲೋ ಜಿನ್‌ಹೆ, ಊರವರಿಗೆಲ್ಲ ಒಳ್ಳೇದು ಕೊಡ್ತೀಯ, ಹೆತ್ತವಳಿಗೆ ಮಿಕ್ಕಿದ್ದಾ?"

"ಹೋದ ಸಲ ಕೊಟ್ಟಿದ್ದೇ ಅಂಗಡೀಲಿದ್ದ ಒಳ್ಳೇದಮ್ಮ. ವೇಗ ಒಂಚೂರು ಇಳಿಸ್ಲಾ?"

"ಶಿಯಾ ಯಂತ್ರ ಎಂಟು ಸಾವಿರದ ವೇಗದಲ್ಲಿ ಓಡುತ್ತೆ. ನಂದ್ಯಾಕೆ ಕುಂಟ್ಬೇಕು?"

ನಾನು ಕಿಸಕ್ಕೆಂದೆ. ಅಮ್ಮ ನನ್ನತ್ತ ತಿರುಗಿದರು. "ನೀನ್ಯಾಕೆ ಹಲ್ಲು ಬಿಡ್ತೀಯ? ನಿನ್ನ ಕೀಬೋರ್ಡೂ ಅಷ್ಟರಲ್ಲೇ ಇದೆ."

ವೆಂಗ್ ನಾಲ್ಕು ದಿನ ಅರವತ್ತಮೂರು ಜೋಡಿ ಬಿಚ್ಚಿದ. ಕೊನೆಗೆ ಒಂದನ್ನು ಆರಿಸಿ, ಅಂಗಡಿಗೆ ತರಿಸಿದ ಅಮ್ಮನ ಯಂತ್ರಕ್ಕೆ ಹಾಕಿ, ಎರಡು ದಿನ ಬಿಡದೆ ಓಡಿಸಿದ. ಒಂದು ಸಲವೂ ಮುಗ್ಗರಿಸಲಿಲ್ಲ.

ಪಂದ್ಯದ ದಿನ ಸಮುದಾಯ ಭವನದಲ್ಲಿ ನಾವಿಬ್ಬರೂ ಕೂತೆವು. ವೆಂಗ್‌ನ ಖಾಯಂ ಗಿರಾಕಿಗಳು ಆರು ಮಂದಿ ಮುಂದಿನ ಸಾಲಿನಲ್ಲಿದ್ದರು. ವೇದಿಕೆಯ ಮೇಲೆ ಅಮ್ಮ ಚೀಲದಿಂದ ತೆಂಗಿನ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣ ತೆಗೆದರು. ಅದರಲ್ಲೇನೂ ವಿಶೇಷವಿಲ್ಲ, ಹಸಿರು ಪೊಟ್ಟಣವಿಟ್ಟರೆ ಯಂತ್ರ ಹೇಳಿದಂತೆ ಕೇಳುತ್ತದೆಂಬುದು ನಮ್ಮೂರ ನಂಬಿಕೆ, ಬ್ಯಾಂಕಿನವರೂ ಇಡುತ್ತಾರೆ, ವೆಂಗ್‌ನ ಮೇಜಿನ ಮೂಲೆಯಲ್ಲೂ ಒಂದಿದೆ. ಆದರೆ ಅಮ್ಮ ಒಂದಲ್ಲ, ಮೂರು ತೆಗೆದು, ತುದಿಗಾಲಲ್ಲಿ ನಿಂತು, ಮನೆಯಿಂದ ತಂದ ತಮ್ಮ ಯಂತ್ರದ ನೆತ್ತಿಯ ಜಾಲರಿಯ ಮೇಲೆ ಸಾಲಾಗಿ ಮಲಗಿಸಿದರು.

ವೆಂಗ್ ನನ್ನ ಮೊಣಕಾಲು ಹಿಂಡಿದ. "ಬಿಸಿಗಾಳಿ ಹೋಗೋ ದಾರೀನೇ ಮುಚ್ಚಿಬಿಟ್ರು ಮಾರಾಯ! ಮನೇಲೂ ಹಿಂಗೇ ಇಡ್ತಿದ್ರು ಅನ್ಸುತ್ತೆ. ಆ ವೇಗಕ್ಕೆ ಮೆಮೊರಿ ಬೆಂದುಹೋಗುತ್ತೆ!"

ಎದ್ದು ನಿಂತು ಕೂಗಿದ: "ಅಮ್ಮಾ! ಪೊಟ್ಟಣ ತೆಗಿ!"

ಅಮ್ಮನ ಕಿವಿಗೆ ಹೆಡ್‌ಫೋನ್ ಏರಿಬಿಟ್ಟಿತ್ತು. ಸಭೆಗೆ ಸಭೆಯೇ ಉಸಿರೆಳೆದುಕೊಂಡಿತು. ಹಿಂದಿನಿಂದ ಒಬ್ಬ ಹೆಂಗಸು ಗದರಿಸಿದಳು: "ಪಂದ್ಯದ ಮಧ್ಯ ಪೊಟ್ಟಣ ತೆಗೀಬೇಕಾ? ಹೆತ್ತ ತಾಯಿಗೆ ಕೇಡು ಬಯಸ್ತೀರೇನ್ರೀ? ಕೂತ್ಕೊಳ್ರೀ!" ವೇದಿಕೆಯತ್ತ ಓಡಿದವನಿಗೆ ತೀರ್ಪುಗಾರ ಅಡ್ಡ ನಿಂತು ಕುರ್ಚಿ ತೋರಿಸಿದ. ಇಪ್ಪತ್ತಾರು ವರ್ಷದ ವಿದ್ಯೆಯನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ವೆಂಗ್ ಕೂತ.

ಹತ್ತೊಂಬತ್ತನೇ ನಿಮಿಷಕ್ಕೆ ಅಮ್ಮನ ಪರದೆ ನೀಲಿಯಾಯಿತು. ಯಂತ್ರ ಮೂರನೇ ಸಲ ನಿಂತಿತ್ತು.

ಶಿಯಾ ಟೀಚರ್ ಕೆಳಗಿಳಿದು ಬಂದರು. "ನೇರವಾಗಿ ಹೇಳು ಜಿನ್‌ಹೆ. ತಪ್ಪು ಯಾರದು?"

ಅವರ ಹಿಂದೆ ಅಮ್ಮ ನೆಲ ನೋಡುತ್ತ ನಿಂತಿದ್ದರು. ಬಾಯಿ ಬಿಗಿದುಕೊಂಡಿತ್ತು, ಆ ಎರಡು ವರ್ಷ ಇದ್ದ ಹಾಗೆ. ಗಿರಾಕಿಗಳ ಕಿವಿ ನಿಮಿರಿದ್ದವು.

"ನಂದೇ ಟೀಚರ್. ಮೆಮೊರಿ ನಾನು ತಪ್ಪು ಆರಿಸ್ದೆ."

"ಹಾಗಾದ್ರೆ ಯುಯೆಗುಯ್ ತಂಡದಲ್ಲೇ ಇರ್ತಾರೆ. ಮೆಮೊರಿ ಮಾತ್ರ ಬೇರೆ ಕಡೆ ತರಿಸೋಣ."

ಮುಂದಿನ ಸಾಲಿನಲ್ಲಿ ಇಬ್ಬರು ಗಿರಾಕಿಗಳು ಮೆಲ್ಲಗೆ ಎದ್ದು ಹೋದರು. ಅಮ್ಮನಿಗೆ ದನಿ ಬಂತು. "ನಾನು ಅವತ್ತೇ ಹೇಳ್ಲಿಲ್ವಾ?" ಎಂದು ಶುರುಮಾಡಿ, ಒಂದನೇ ಕ್ಲಾಸಿನಿಂದ ಮಗ ಮಾಡಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ಸಭೆಯ ಮುಂದಿಟ್ಟರು. ವೆಂಗ್ ತಲೆ ತಗ್ಗಿಸಿ ಪ್ರತಿಯೊಂದಕ್ಕೂ "ಹೌದಮ್ಮ" ಎನ್ನುತ್ತಿದ್ದ.