ಶ್ರೀಲತಾ ಸೈಕಲ್ ತುಳಿದು ಹೋದ ಊರು

ಕೆಲಸದಿಂದ ನಿವೃತ್ತಳಾದ ಮೂರನೆಯ ವಾರ ಶ್ರೀಲತಾ ಗ್ರೀನ್‌ಫರ್ಡಿನ ತನ್ನ ಮನೆಯ ಮುಂದೆ ಒಂದು ಸೈಕಲ್ ತಂದು ನಿಲ್ಲಿಸಿದಳು. ಆಗ ಅವಳಿಗೆ ಅರವತ್ತೆರಡು. ಮೂವತ್ತೈದು ವರ್ಷ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದವಳು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ತುಳಿದುಕೊಂಡು ಮಾಳಮಡ್ಡಿಯಿಂದ ಕಾಲೇಜಿಗೆ ಹೋಗುತ್ತಿದ್ದಳು. ಮದುವೆಯಾದ ಮೇಲೆ ಸೈಕಲ್ ಮುಟ್ಟಿರಲಿಲ್ಲ.

ಎರಡು ತಿಂಗಳು ದಿನಾ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ತುಳಿದು ರೂಢಿ ಮಾಡಿಕೊಂಡಳು. ಒಮ್ಮೆ ಬಾತುಕೋಳಿಯನ್ನು ತಪ್ಪಿಸಲು ಹೋಗಿ ಮುಳ್ಳುಪೊದೆಗೆ ಬಿದ್ದಳು. ಮೇ ತಿಂಗಳು ಬಂದಾಗ ಗಂಡನಿಗೆ ಹೇಳಿದಳು, ಲಿಂಕನ್‌ಶೈರಿನ ಸಮುದ್ರದಂಡೆಯ ಆ ಊರಿಗೆ ಹೋಗಿಬರುತ್ತೇನೆ, ಒಬ್ಬಳೇ, ಸೈಕಲ್ ಮೇಲೆ.

ಗಂಡ ಶಶಿಧರ ಇನ್ನೂ ವಾರಕ್ಕೆರಡು ದಿನ ಬಡಾವಣೆಯ ಕ್ಲಿನಿಕ್ಕಿಗೆ ಡಾಕ್ಟರಾಗಿ ಹೋಗುತ್ತಿದ್ದ. ಪೇಪರು ಕೆಳಗಿಟ್ಟ.

"ಮುನ್ನೂರು ಕಿಲೋಮೀಟರ್ ಐತಿ. ಈ ವಯಸ್ಸಿನ್ಯಾಗ ಯಾಕ ಬೇಕ ಇದೆಲ್ಲಾ? ಕಾರಿನ್ಯಾಗ ನಾನ ಕರಕೊಂಡ್ ಹೋಗ್ತೀನಿ."

"ಕಾರಿನ್ಯಾಗ ಹ್ವಾದ್ರ ನಾಕ್ ತಾಸಿನ್ಯಾಗ ಮುಟ್ಟಿಬಿಡ್ತೀನ್ರಿ. ನನಗ ಅಷ್ಟ್ ಲಗೂ ಮುಟ್ಟೂದು ಬ್ಯಾಡ."

ಶಶಿಧರ ಪೇಪರು ಮಡಿಚಿಟ್ಟ. ಆ ಊರಿನ ಹೆಸರು ಮನೆಯಲ್ಲಿ ಮೂವತ್ತು ವರ್ಷದಿಂದ ಯಾರೂ ಎತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಮಾತು. ಹೊರದೇಶದಿಂದ ಬಂದ ಎಳೆಯ ಡಾಕ್ಟರರನ್ನು ಆರಾರು ತಿಂಗಳಿಗೆ ಒಂದೊಂದು ಊರಿಗೆ ಹಾಕುತ್ತಿದ್ದರು. ಶಶಿಧರ ವೇಲ್ಸಿನಲ್ಲಿ, ಶ್ರೀಲತಾ ಆ ಊರಿನಲ್ಲಿ. ರಾತ್ರಿಪಾಳಿ ತಪ್ಪುತ್ತಿರಲಿಲ್ಲ; ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಧಾರವಾಡಕ್ಕೆ ಹೋಗಿ ಹೆತ್ತ ಮಗಳು ಧೃತಿಯನ್ನು ಏಳು ತಿಂಗಳಿಗೇ ತನ್ನ ತಾಯಿಯ ಕೈಗಿಟ್ಟು ವಿಮಾನ ಹತ್ತಿದ್ದಳು. ತಾಯಿ ತಿಂಗಳಿಗೊಮ್ಮೆ ನೀಲಿ ಏರ್‌ಮೇಲ್ ಕಾಗದದ ಮೇಲೆ ಕೂಸಿನ ಪಾದವನ್ನಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸುತ್ತಿದ್ದರು. ಶ್ರೀಲತಾ ಅವನ್ನು ಸಾಲಾಗಿ ಗೋಡೆಗೆ ಅಂಟಿಸಿದ್ದಳು. ಆರು ತಿಂಗಳಲ್ಲಿ ಆ ಊರಿನಲ್ಲಿ ಅವಳು ನೋಡಿದ್ದೆಂದರೆ ಆಸ್ಪತ್ರೆ, ಬಸ್ ಸ್ಟಾಪ್, ಮತ್ತು ತನ್ನ ಕಿಟಕಿಯಿಂದ ಕಾಣುವ ರಸ್ತೆ. ಭಾನುವಾರಗಳಂದು ಬಾಯಿ ತೆರೆದು ಮಾತಾಡಲು ಒಂದು ಜೀವ ಇರುತ್ತಿರಲಿಲ್ಲ. ಧೃತಿಯನ್ನು ಕೊನೆಗೆ ಲಂಡನ್ನಿಗೆ ಕರೆಸಿಕೊಂಡಾಗ ಅವಳಿಗೆ ಮೂರು ವರ್ಷ. ಮೊದಲ ತಿಂಗಳು ತಾಯಿಯನ್ನು "ಆಂಟಿ" ಎಂದು ಕರೆದಳು.

ಶ್ರೀಲತಾ ಹೊರಟಳು. ಹಿಂದಿನ ಚೀಲಗಳಲ್ಲಿ ಎರಡು ಜೊತೆ ಬಟ್ಟೆ, ಮಳೆಯ ಕೋಟು, ಒಂದು ಡಬ್ಬಿ ಶೇಂಗಾ ಚಟ್ನಿ. ಮೊದಲ ದಿನ ನಲವತ್ತೈದು ಕಿಲೋಮೀಟರಿಗೇ ತೊಡೆಗಳು ಕಲ್ಲಾದವು. ಎರಡನೆಯ ದಿನ ಒಂದು ಹಳ್ಳಿಯ ಚರ್ಚಿನ ಮುಂದೆ ನೀರು ಕೇಳಿದವಳನ್ನು ಹೂವು ಜೋಡಿಸುತ್ತಿದ್ದ ಹೆಂಗಸರು ಒಳಗೆ ಕೂರಿಸಿ, ಚಹಾ ಕೊಟ್ಟು, ಕೇಕಿನ ಎರಡು ತುಂಡು ಕಟ್ಟಿಕೊಟ್ಟರು. ಪೀಟರ್‌ಬರೊ ದಾಟಿದ ಮೇಲೆ ನೆಲವೆಲ್ಲ ಬಡಿದ ರೊಟ್ಟಿಯಂತೆ ಚಪ್ಪಟೆ. ಗಾಳಿಗೆ ಅಡ್ಡವೇ ಇಲ್ಲ. ಚೈನು ಕಳಚಿ ಕೈಯೆಲ್ಲ ಮಸಿಯಾಗಿ ನಿಂತಿದ್ದಾಗ ಆಲೂಗಡ್ಡೆ ಲಾರಿಯವನೊಬ್ಬ ಇಳಿದು ಬಂದ. ಚೈನು ಹಾಕಿಕೊಟ್ಟು, ಗಾಳಿಗೆ ಎದುರಾಗಿ ಹೋಗುತ್ತೀರಲ್ಲ, ತಲೆ ತಗ್ಗಿಸಿ ತುಳಿಯಿರಿ ಎಂದು ಹೇಳಿ, ಹೆಸರೂ ಕೇಳದೆ ಹೊರಟುಹೋದ. ಐದನೆಯ ದಿನ ಮಧ್ಯಾಹ್ನ ಉಪ್ಪುಗಾಳಿ ಮೂಗಿಗೆ ಬಡಿಯಿತು.

ಆಸ್ಪತ್ರೆ ಇರಲಿಲ್ಲ. ಕ್ವಾರ್ಟರ್ಸ್ ಇದ್ದ ಜಾಗದಲ್ಲಿ ಹೊಸ ಮನೆಗಳ ಸಾಲು ಎದ್ದಿತ್ತು. ಅವಳ ಕೋಣೆ ಎಲ್ಲಿತ್ತೆಂದು ಲೆಕ್ಕ ಹಾಕಿದಳು. ಅದು ಈಗ ಯಾರದೋ ಕಾರು ನಿಲ್ಲಿಸುವ ಜಾಗ. ಸೈಕಲ್ ಹಿಡಿದು ನಿಂತೇ ಇದ್ದಳು.

ಎದುರು ಮನೆಯ ಬಾಗಿಲು ತೆರೆಯಿತು. ಎಂಬತ್ತರ ಆಸುಪಾಸಿನ ಹೆಂಗಸೊಬ್ಬರು ಕೈ ಒರೆಸಿಕೊಳ್ಳುತ್ತ ಗೇಟಿನ ತನಕ ಬಂದರು. "ಅರ್ಧ ಗಂಟೆಯಿಂದ ನಿಂತಿದ್ದೀರಿ. ಯಾರ ಮನೆ ಬೇಕು?"

"ಯಾರದೂ ಅಲ್ಲ. ಹಿಂದೆ ಇಲ್ಲಿ ಡಾಕ್ಟರಾಗಿದ್ದೆ. ಇಲ್ಲೇ ಮೂರನೆಯ ಮಹಡಿಯಲ್ಲಿ ಇದ್ದೆ."

ಆ ಹೆಂಗಸು, ಹೆಸರು ಮೋರಿನ್, ಇಲ್ಲದ ಕಟ್ಟಡದ ಕಡೆ ಕತ್ತೆತ್ತಿ ನೋಡಿದರು. "ನಾನು ಈ ಮನೆಗೆ ಬಂದು ಐವತ್ತಾರು ವರ್ಷ. ನಿಮ್ಮ ಕಿಟಕಿಗಳ ದೀಪ ನೋಡುತ್ತಿದ್ದೆ. ದೂರದೇಶದ ಡಾಕ್ಟರರು ಅಂತ ಗೊತ್ತಿತ್ತು. ಬಂದು ಮಾತಾಡಿಸಬೇಕು ಅಂತ ಒಂದು ದಿನವೂ ತೋಚಲಿಲ್ಲ."

"ನಿಮ್ಮ ಬಾಗಿಲು ತಟ್ಟಬೇಕು ಅಂತ ನನಗೂ ತೋಚಲಿಲ್ಲ," ಎಂದಳು ಶ್ರೀಲತಾ.

ಮೋರಿನ್ ಅವಳನ್ನು ಹೋಟೆಲಿಗೆ ಹೋಗಗೊಡಲಿಲ್ಲ. ಮಗ ಆಸ್ಟ್ರೇಲಿಯಾದಲ್ಲಿದ್ದಾನೆ, ಅವನ ಕೋಣೆ ಖಾಲಿ ಬಿದ್ದಿದೆ, ಹಾಸಿಗೆಗೆ ಬಿಸಿಲು ತೋರಿಸಿದ್ದು ನಿನ್ನೆಯೇ ಎಂದರು. ಮಾಂಸ ತಿನ್ನುವುದಿಲ್ಲ ಎಂದು ತಿಳಿದು ಗಾಬರಿಯಾಗಿ ಅಡುಗೆಮನೆಯ ಕಪಾಟು ತಡಕತೊಡಗಿದರು. ಹಿಂದಿನ ಮೂಲೆಯಲ್ಲಿ ಒಂದು ಪೊಟ್ಟಣ ರವೆ ಇತ್ತು. ಹಾಲಿನಲ್ಲಿ ಬೇಯಿಸಿ ಸಿಹಿ ಮಾಡಲು ತಂದದ್ದು. ಶ್ರೀಲತಾ ನಕ್ಕು ತೋಳೇರಿಸಿದಳು. ಈರುಳ್ಳಿ, ಬಟಾಣಿ, ಬೆಣ್ಣೆ ಹಾಕಿ ಉಪ್ಪಿಟ್ಟು ಮಾಡಿ, ಪಕ್ಕದಲ್ಲಿ ಶೇಂಗಾ ಚಟ್ನಿ ಹಾಕಿಕೊಟ್ಟಳು. ಮೋರಿನ್ ಎರಡು ಚಮಚ ತಿಂದು, ಬಹಳ ಮರ್ಯಾದೆಯಿಂದ ಕೇಳಿದರು, "ಇದರ ಮೇಲೆ ಜಾಮ್ ಹಾಕಿಕೊಳ್ಳಬಹುದೇ?" ಹಾಕಿಕೊಂಡೇ ತಿಂದರು. ಚಟ್ನಿಯನ್ನೂ ಬಿಡಲಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು. ಹಿತ್ತಿಲಲ್ಲಿ ಕುಳಿತು ಶ್ರೀಲತಾ ಹೇಳಿದಳು, ಗೋಡೆಯ ಮೇಲಿನ ಪಾದಗಳನ್ನು, ಭಾನುವಾರಗಳನ್ನು, ಕಾರಿಡಾರಿನ ಫೋನಿಗೆ ನಾಣ್ಯ ಹಾಕಿ ಮೂರು ನಿಮಿಷ ಕೂಸಿನ ಉಸಿರು ಕೇಳಿದ್ದನ್ನು. ಮುಗಿದ ಮೇಲೆ ಮೋರಿನ್ ಒಂದೇ ಮಾತು ಕೇಳಿದರು.

"ಏಳು ತಿಂಗಳು ಅಂದಿರಿ. ಬಿಟ್ಟು ಬಂದಾಗ ನಿಮ್ಮ ಹಾಲು ನಿಂತಿತ್ತೇ?"

ಶ್ರೀಲತಾಳನ್ನು ಯಾರೂ ಇದನ್ನು ಕೇಳಿರಲಿಲ್ಲ. ತಾಯಿ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ. "ಇಲ್ಲ," ಎಂದಳು. "ನಿಲ್ಲೋದಕ್ಕೆ ಮೂರು ವಾರ ಹಿಡೀತು. ಆಪರೇಷನ್ ಥಿಯೇಟರಿನಲ್ಲಿ ಗೌನು ಒದ್ದೆಯಾಗುತ್ತಿತ್ತು."

ಮೋರಿನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಶ್ರೀಲತಾ ಅತ್ತಳು, ಚಿಕ್ಕಮಕ್ಕಳ ಹಾಗೆ ಮೂಗು ಸೋರುವಂತೆ ಅತ್ತಳು. ಮೋರಿನ್ ಅಡುಗೆಮನೆಯ ಟವೆಲ್ ಕೊಟ್ಟರು.

ಮರುದಿನ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಲಂಡನ್ನಿಗೆ ಮರಳಿದಳು. ಆ ಭಾನುವಾರ ಕ್ರೋಯ್ಡನ್ನಿನಿಂದ ಧೃತಿ ಬಂದಾಗ, ಮೊಟ್ಟಮೊದಲ ಸಲ, ಎಲ್ಲವನ್ನೂ ಹೇಳಿದಳು.

"ನಿನ್ನ ಬಿಟ್ಟು ಬಂದದ್ದು ತಪ್ಪಾತೇನೋ ಅಂತ ಇವತ್ತಿಗೂ ಅನಸ್ತದ ನನಗ."

ಧೃತಿಗೆ ಈಗ ಮೂವತ್ತು ದಾಟಿತ್ತು. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. "ಮಮ್ಮಿ, ಐ ವಾಸ್ ಹ್ಯಾಪಿ ದೇರ್." ಆಮೇಲೆ ಅಜ್ಜಿಯ ಧಾಟಿಯಲ್ಲೇ, ಎಷ್ಟೋ ವರ್ಷದಿಂದ ಬಳಸದ ಕನ್ನಡದಲ್ಲಿ ಸೇರಿಸಿದಳು, "ನೀ ಒಬ್ಬಾಕಿನ ಇದ್ದಿ ಅಂತ ನನಗ ಯಾರೂ ಹೇಳಲಿಲ್ಲ."

ಆ ಬೇಸಿಗೆಯೇ ಶ್ರೀಲತಾ ಮನೆಯ ಹಿಂಬದಿಯ ಕೋಣೆಯನ್ನು ಖಾಲಿ ಮಾಡಿಸಿದಳು. ದೂರ ಹೋಗುವ ಸೈಕಲ್ಲಿನವರಿಗೆ ದಾರಿಯಲ್ಲಿ ತಂಗಲು ಜಾಗ ಕೊಡುವವರ ವೆಬ್‌ಸೈಟೊಂದಿದೆ; ಅದರಲ್ಲಿ ತನ್ನ ಹೆಸರು ಸೇರಿಸಿದಳು. "ಗುರ್ತಿಲ್ಲ, ಪರಿಚಯ ಇಲ್ಲ, ಮನ್ಯಾಗ ಕರಕೊಳ್ಳೂದಂದ್ರ?" ಎಂದು ಶಶಿಧರ ಗೊಣಗಿದ. ಮೊದಲು ಬಂದದ್ದು ಒಬ್ಬ ಡಚ್ ಮೇಷ್ಟ್ರು; ಒಂದೇ ಸಲಕ್ಕೆ ಏಳು ಚಪಾತಿ ತಿಂದರು. ಆಮೇಲೆ ಪೋಲೆಂಡಿನ ದಂಪತಿ. ಆಮೇಲೆ ಸ್ಪೇನಿಗೆ ಹೊರಟಿದ್ದ ಇಬ್ಬರು ಅಕ್ಕತಂಗಿಯರು. ಅವರ ಒದ್ದೆ ಟೆಂಟು ಎರಡು ದಿನ ಹಿತ್ತಿಲ ಹಗ್ಗದ ಮೇಲೆ ಒಣಗಿತು. ಮೋರಿನ್ ವರ್ಷಕ್ಕೆರಡು ಸಲ ಪತ್ರ ಬರೆಯುತ್ತಿದ್ದರು. ಹೋದ ಚಳಿಗಾಲದಲ್ಲಿ ಪತ್ರ ಬರಲಿಲ್ಲ. ಆಸ್ಟ್ರೇಲಿಯಾದ ಮಗ ಫೋನ್ ಮಾಡಿದ. ಶ್ರೀಲತಾ ರೈಲಿನಲ್ಲಿ ಹೋಗಿ, ಮೋರಿನ್ ಅವರ ಅಂತ್ಯಕ್ರಿಯೆಗೆ ನಿಂತು ಬಂದಳು.

ಈಗ ಅವಳ ಮೊಣಕಾಲು ಮೊದಲಿನಂತಿಲ್ಲ. ಕಾಲುವೆಯ ಸೇತುವೆಯ ತನಕ ಹೋಗಿ ತಿರುಗುತ್ತಾಳೆ. ಅತಿಥಿಗಳಿಗೆ ದಾರಿ ತೋರಿಸುವ ಕೆಲಸವನ್ನು ಶಶಿಧರನೇ ವಹಿಸಿಕೊಂಡಿದ್ದಾನೆ. ಬೆಳಿಗ್ಗೆ ಅವರ ಚಕ್ರಗಳಿಗೆ ಗಾಳಿ ಹಾಕಿಕೊಟ್ಟು, ದಂಡೆಯ ತನಕ ನಡೆದು ಹೋಗಿ, ಎಡಕ್ಕೆ ಹೋಗಿ ಎಂದು ಕೈ ತೋರುತ್ತಾನೆ. ಅವರು ತಿರುವಿನಲ್ಲಿ ಮರೆಯಾದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿರುತ್ತಾನೆ. ಮನೆಗೆ ಬಂದವನನ್ನು ಶ್ರೀಲತಾ ಕೇಳುತ್ತಾಳೆ, "ಹ್ವಾದ್ರೇನ್ರಿ?"

"ಹ್ವಾದ್ರು," ಎನ್ನುತ್ತಾನೆ. "ಮುಂದ ಎಲ್ಲಿ ಇಳಕೊಳ್ತಾರೋ ಏನೋ."