ರಾಯರ ಗೋದಾಮಿನ ಕಣಜ ಗೂಬೆ

ಲಾಕ್‌ಡೌನ್ ಮುಗಿದು ಹೋಟೆಲುಗಳು ಮತ್ತೆ ತೆರೆದ ವರ್ಷ. ನಾನಾಗ ಚೆನ್ನೈಯ ಒಂದು ಉಡುಪಿ ಹೋಟೆಲಿನ ಸ್ಟೋರ್ ಕೀಪರ್. ಪಲ್ಲಾವರಂನಲ್ಲಿದ್ದ ಅಕ್ಕಿ-ಬೇಳೆಯ ಗೋದಾಮು ನನ್ನ ಸುಪರ್ದಿ. ಮಾಲೀಕರು ನಮ್ಮೂರ ಕಡೆಯವರೇ, ಎಲ್ಲರ ಬಾಯಲ್ಲೂ ರಾಯರು. ಊಟ ಮುಗಿಸಿ ಏಳುವ ಗಿರಾಕಿಯನ್ನು ಅವರು "ಹೇಗಿತ್ತು?" ಎಂದು ಕೇಳಿದವರಲ್ಲ, "ಹೊಟ್ಟೆ ತುಂಬಿತಾ?" ಎಂದೇ ಕೇಳುತ್ತಿದ್ದರು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ತಿಂಗಳುಗಟ್ಟಲೆ ಮುಚ್ಚಿದ್ದ ಗೋದಾಮಿನಲ್ಲಿ ಇಲಿಗಳದ್ದೇ ದರ್ಬಾರು. ವಿಷ ಇಡಲು ರಾಯರು ಬಿಡಲಿಲ್ಲ. ಅನ್ನದ ಜಾಗದಲ್ಲಿ ಜೀವ ತೆಗೆಯುವುದು ಅವರಿಗಾಗದು. ಬೋನಿಗೆ ಬಿದ್ದವನ್ನೆಲ್ಲ ನಾನು ಸ್ಕೂಟರಿನಲ್ಲಿ ಒಯ್ದು ದೂರದ ಬಯಲಿಗೆ ಬಿಟ್ಟು ಬರಬೇಕು. "ನೀವು ಸ್ಟೋರ್ ಕೀಪರಾ, ಇಲಿಗಳ ಡ್ರೈವರಾ?" ಎಂದು ಅಡಿಗೆಯ ಸುಬ್ಬಣ್ಣ ಗೇಲಿ ಮಾಡುತ್ತಿದ್ದ.

ಅಷ್ಟರಲ್ಲಿ ಹಿತ್ತಲ ಶೆಡ್ಡಿನ ಅಟ್ಟಕ್ಕೆ ಒಂದು ಜೋಡಿ ಕಣಜ ಗೂಬೆ ಬಂತು. ಇಂಗ್ಲಿಷಿನಲ್ಲಿ ಬಾರ್ನ್ ಔಲ್. ಅದರ ಅಗಲವಾದ ಬಿಳಿ ಮುಖವೇ ಸದ್ದನ್ನು ಹಿಡಿದು ಕಿವಿಗೆ ಕಳಿಸುವ ತಟ್ಟೆ. ಒಂದು ಕಿವಿ ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಆ ವ್ಯತ್ಯಾಸದಿಂದಲೇ ಕತ್ತಲೆಯಲ್ಲೂ ಇಲಿ ಎಲ್ಲಿದೆಯೆಂದು ಅದಕ್ಕೆ ತಿಳಿಯುತ್ತದೆ. ರೆಕ್ಕೆಯಂಚಿನಲ್ಲಿ ಬಾಚಣಿಗೆಯಂಥ ನವಿರು ಹಲ್ಲುಗಳಿರುವುದರಿಂದ ಹಾರಿದರೆ ಸದ್ದೇ ಇಲ್ಲ. ಇಲಿಯನ್ನು ಇಡಿಯಾಗಿ ನುಂಗಿ, ಎಲುಬು ಕೂದಲನ್ನು ಉಂಡೆ ಮಾಡಿ ಕಾರುತ್ತದೆ. ಎರಡು ತಿಂಗಳಲ್ಲಿ ನನ್ನ ಸ್ಕೂಟರ್ ಸವಾರಿ ನಿಂತಿತು.

ರಾಯರಿಗೆ ಮಾತ್ರ ಗೂಬೆ ಎಂದರೆ ಅಪಶಕುನ. "ಅದನ್ನು ಅಲ್ಲಿಂದ ಎಬ್ಬಿಸು ಮಾರಾಯ" ಅನ್ನುವರು. ನಾನು ಕೇಳಿಸದವನಂತೆ ಇರುತ್ತಿದ್ದೆ. ಶೆಡ್ಡಿನ ಶೀಟು ಬದಲಿಸುವ ದಿನ, "ಅಟ್ಟ ಖಾಲಿ ಉಂಟಲ್ಲ?" ಎಂದು ವಿಚಾರಿಸಿದರು. ಏಣಿ ಹತ್ತಿ ನೋಡುವ ಉದಾಸೀನಕ್ಕೆ "ಖಾಲಿಯೇ" ಎಂದುಬಿಟ್ಟೆ. ತಪ್ಪು ನನ್ನದೇ. ಶೀಟು ತೆಗೆಯುತ್ತಲೇ ದೊಡ್ಡವೆರಡೂ ಹಾರಿಹೋದವು; ಬಿಳಿ ತುಪ್ಪಳದ ಒಂದು ಮರಿ ಮೂಲೆಯಲ್ಲಿ ಉಳಿಯಿತು. ಎರಡು ಸಂಜೆ ಕಳೆದರೂ ಅವು ಬರಲಿಲ್ಲ. ಕೆಳಗಿಳಿಸಿ ಇಟ್ಟುಕೊಂಡಿದ್ದ ಮರಿಯ ತಲೆ ಜೋಲತೊಡಗಿತು.

ಸುಬ್ಬಣ್ಣ ಹಾಲು ತಂದ, ಆಮೇಲೆ ಮೆತ್ತಗೆ ಕಲಸಿದ ಮೊಸರನ್ನ ತಂದ. ಹಸಿವಿಗೆ ನಮಗೆ ಗೊತ್ತಿದ್ದ ಮದ್ದು ಅದೇ. ಮರಿ ಮುಖ ತಿರುಗಿಸಿತು. ಪೋರೂರಿನ ಪಶುವೈದ್ಯೆಯೊಬ್ಬರಿಗೆ ಫೋನ್ ಮಾಡಿದೆ. "ಪಾಲೂ ವೇಂಡಾ, ತಯಿರೂ ವೇಂಡಾ ಸಾರ್. ಕರಿ ಕುಡುಂಗ" ಎಂದರು. ಹಾಲು ಮೊಸರು ಬೇಡ, ಮಾಂಸ ಕೊಡಿ ಅಂತ. ಇವತ್ತು ತಿನ್ನದಿದ್ದರೆ ನಾಳೆ ಉಳಿಯದು. ತಿಂದರೆ ಮತ್ತೆ ಅಟ್ಟದಲ್ಲೇ ಇಡಿ, ಅದರ ಕೂಗಿಗೆ ತಾಯಿ ಬಂದೀತು ಎಂದೂ ಹೇಳಿದರು.

ಮಾಂಸ! ಆ ಕಾಂಪೌಂಡಿನೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಅಷ್ಟರಲ್ಲಿ ರಾಯರೇ ಬಂದರು. ನನ್ನ ಸುಳ್ಳನ್ನು ಒಪ್ಪಿಕೊಂಡು, ವೈದ್ಯೆ ಹೇಳಿದ್ದನ್ನೂ ತಿಳಿಸಿದೆ. ಅವರು ಮೊಸರನ್ನದ ತಟ್ಟೆ ನೋಡಿದರು, ಮರಿಯನ್ನು ನೋಡಿದರು.

"ಎಂತ ಮಾರಾಯ ನೀನು? ಹಸಿದು ಕೂತವರಿಗೆ ನಮಗೆ ಬೇಕಾದ್ದು ಬಡಿಸುದಾ? ಹೋಗು, ಅದಕ್ಕೆ ಬೇಕಾದ್ದು ತಾ."

ಇಲಿಗೂ ವಿಷ ಇಡಲು ಬಿಡದ ರಾಯರ ಬಾಯಲ್ಲಿ ಈ ಮಾತು! ಓಡಿಹೋಗಿ ಕೋಳಿಮಾಂಸ ತಂದು ಕತ್ತರಿಯಲ್ಲಿ ಚೂರು ಮಾಡಿದೆ. ಜನ್ಮದಲ್ಲಿ ಮಾಂಸ ಮುಟ್ಟಿದವನಲ್ಲ ನಾನು. ಚೂರು ಕೊಕ್ಕಿಗೆ ತಾಗಿದ್ದೇ ಮರಿ ಲಬಕ್ಕನೆ ನುಂಗಿ, ಬುಸ್ಸೆಂದು ಇನ್ನೂ ಕೇಳಿತು. ರಾಯರು ಶಲ್ಯ ಮೂಗಿಗೆ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದರು, ಆದರೆ ಹೋಗಲಿಲ್ಲ.

ಸಂಜೆ ಹೊಸ ಶೀಟಿನ ಕೆಳಗೆ ಮರಿಯನ್ನು ಇಟ್ಟು ದೂರ ನಿಂತೆವು. ಬೆಳಕು ಮಾಸುತ್ತಿದ್ದಂತೆ ನಮ್ಮ ತಲೆಯ ಮೇಲೆ ಬಿಳಿಯದೇನೋ ಸದ್ದಿಲ್ಲದೆ ಹಾದು ಅಟ್ಟ ಸೇರಿತು. ಕೊಕ್ಕಿನಲ್ಲಿ ಇಲಿ ಇತ್ತು. ಮರಿಯ ಕೂಗು ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ. ರಾಯರು ಕತ್ತೆತ್ತಿ, ಗಿರಾಕಿಯನ್ನು ಕೇಳುವ ಅದೇ ದನಿಯಲ್ಲಿ ಕೇಳಿದರು: "ಹೊಟ್ಟೆ ತುಂಬಿತಾ?"

ರಾಯರು ಈಗಿಲ್ಲ, ಗೋದಾಮೂ ಇಲ್ಲ. ಬಡಿಸುವವನು ನೋಡಬೇಕಾದ್ದು ಎದುರಿನವರ ಹಸಿವನ್ನೇ ಹೊರತು ತನ್ನ ರುಚಿಯನ್ನಲ್ಲ ಎಂದು ಮೂವತ್ತು ವರ್ಷದ ಚಾಕರಿಯಲ್ಲಿ ಅವತ್ತು ಕಲಿತೆ. ಈಗ ಪೋರೂರು ಕೆರೆಯ ಕಡೆ ವಾಕಿಂಗ್ ಹೋದಾಗ ಮುಸ್ಸಂಜೆಯಲ್ಲಿ ಎಂದಾದರೂ ಬಿಳಿ ರೆಕ್ಕೆ ಹಾದರೆ, ಯಾರು ನಕ್ಕರೂ ಸರಿ, ನಾನೂ ಹಾಗೆಯೇ ಕೇಳುತ್ತೇನೆ.